ಗಡಿನಾಡಿನ ಮನೆಗೆ ಗಣಕಯಂತ್ರ ಬಂದ ಬಗೆ

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಊಟದ ಹಂತಿಯಲ್ಲಿ ಕುಳಿತವರ ಮಾತು ಹಿಂದೆಲ್ಲ ಅಡಿಕೆಯ ಧಾರಣೆ, ಮಳೆ, ಯಕ್ಷಗಾನ ಮೇಳದ ತಿರುಗಾಟ ಈ ಮೂರರ ಸುತ್ತಲೇ ಇರುತ್ತಿತ್ತು. ಈಚಿನ ವರ್ಷಗಳಲ್ಲಿ ಅದಕ್ಕೆ ನಾಲ್ಕನೆಯದೊಂದು ಸೇರಿದೆ. ಯಾವ ಫೋನು ಒಳ್ಳೆಯದು, ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಬಹುದು, ವಿಂಡೋಸ್ ಸಾಕೇ ಅಥವಾ ಶಾಲೆಯಲ್ಲಿ ಕಲಿಸಿದ ಲಿನಕ್ಸೇ ಸಾಕೇ ಎಂಬ ಮಾತು. ಈ ವಿಷಯದಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇಲ್ಲ. ಯಂತ್ರದ ಒಳಗು ಗೊತ್ತಿಲ್ಲದವರಿಗೂ ಅಭಿಪ್ರಾಯ ಉಂಟು. ಗೊತ್ತಿಲ್ಲದವರದೇ ಹೆಚ್ಚು ಗಟ್ಟಿಯಾಗಿರುತ್ತದೆ ಎಂದರೂ ತಪ್ಪಲ್ಲ.

ಇಂತಹ ಮಾತುಗಳನ್ನು ಮೂವತ್ತು ನಲವತ್ತು ವರ್ಷಗಳಿಂದ ಕೇಳುತ್ತ ಬಂದವನಿಗೆ ಒಂದು ಸಂಗತಿ ಅನಿಸಿದೆ. ದೊಡ್ಡ ಭಾಷೆಯವರು "ಯಾವ ಯಂತ್ರ ಒಳ್ಳೆಯದು?" ಎಂದು ಕೇಳುವಾಗ ಅದರ ವೇಗವನ್ನೋ ಬೆಲೆಯನ್ನೋ ಕೇಳುತ್ತಾರೆ. ಗಡಿನಾಡಿನ ನಾವು ಅದೇ ಪ್ರಶ್ನೆ ಕೇಳುವಾಗ ನಮಗೇ ತಿಳಿಯದಂತೆ ಇನ್ನೊಂದನ್ನೂ ಕೇಳುತ್ತಿರುತ್ತೇವೆ: ಈ ಪೆಟ್ಟಿಗೆಯೊಳಗೆ ನಮ್ಮ ಅಕ್ಷರಕ್ಕೆ ಜಾಗ ಉಂಟೇ? ಈ ಎರಡನೆಯ ಪ್ರಶ್ನೆಯ ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ಮೊಳೆಗಳ ಕಾಲ

ಕನ್ನಡ ಮಲಯಾಳಗಳು ಯಂತ್ರದ ಬಾಗಿಲಲ್ಲಿ ಒಟ್ಟಿಗೆ ನಿಂತದ್ದು ಇದೇ ಮೊದಲಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕನ್ನಡ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಗುಂಡರ್ಟ್ ಅವರ ಮಲಯಾಳ ನಿಘಂಟು (1872) ಮತ್ತು ಕಿಟೆಲ್ ಅವರ ಕನ್ನಡ ನಿಘಂಟು (1894) ಎರಡೂ ಮಂಗಳೂರಿನ ಅದೇ ಮಿಶನ್ನಿನ ಪುಸ್ತಕಗಳಾಗಿ ಹೊರಬಂದವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಎರಡು ಭಾಷೆಗಳ ಪದಸಂಪತ್ತು ಒಂದೇ ಊರಿನಲ್ಲಿ ಮೊಳೆ ಜೋಡಿಸಿಕೊಂಡಿತು.

ಆ ಮೊಳೆಗಳ ಕೆಲಸ ಸುಲಭದ್ದಲ್ಲ. ಕಾಗುಣಿತ, ಒತ್ತಕ್ಷರ, ಕೂಡಕ್ಷರ ಎಂದು ನೂರಾರು ಮೊಳೆಗಳು ಬೇಕು. ಬೆರಳಚ್ಚು ಯಂತ್ರ ಬಂದಾಗ ಕಷ್ಟ ಇನ್ನೂ ಹೆಚ್ಚಿತು. ಅದರಲ್ಲಿರುವ ಗುಂಡಿಗಳೇ ಕೆಲವು. ಕೇರಳದಲ್ಲಿ 1971ರಲ್ಲಿ ಮಲಯಾಳ ಲಿಪಿಯನ್ನೇ ಸುಧಾರಿಸಿದರು. ಉಕಾರ, ಋಕಾರಗಳ ಚಿಹ್ನೆಯನ್ನು ಅಕ್ಷರದಿಂದ ಬಿಡಿಸಿ ಪಕ್ಕಕ್ಕೆ ಇಟ್ಟರು, ಅನೇಕ ಕೂಡಕ್ಷರಗಳನ್ನು ಒಡೆದರು. ಯಂತ್ರಕ್ಕೆ ತಕ್ಕಂತೆ ಅಕ್ಷರವನ್ನು ಕತ್ತರಿಸಿದ ಹಾಗಾಯಿತು. ಹಳೆಯ ಲಿಪಿಯಲ್ಲಿ ಕಲಿತವರು ಮನೆಯಲ್ಲಿ ಒಂದು ಬಗೆ, ಮಕ್ಕಳು ಶಾಲೆಯಲ್ಲಿ ಇನ್ನೊಂದು ಬಗೆ ಬರೆಯುವುದನ್ನು ನಾವೇ ಕಂಡಿದ್ದೇವೆ. ಯಂತ್ರಕ್ಕಾಗಿ ಅಕ್ಷರವೋ, ಅಕ್ಷರಕ್ಕಾಗಿ ಯಂತ್ರವೋ ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ಗಲ್ಫಿನಿಂದ ಬಂದ ಪೆಟ್ಟಿಗೆಗಳು

ಇನ್ನು ಮನೆಯೊಳಗಿನ ಯಂತ್ರಗಳ ಮಾತು. ಕಾಸರಗೋಡಿನವರಿಗೆ ಹೊಸ ಯಂತ್ರ ಬಂದದ್ದು ಬೆಂಗಳೂರಿನಿಂದಲೂ ಅಲ್ಲ, ತಿರುವನಂತಪುರದಿಂದಲೂ ಅಲ್ಲ, ಸಮುದ್ರದಾಚೆಯಿಂದ. ನಮ್ಮ ನೆರೆಮನೆಯ ಇಚ್ಚ ದುಬಾಯಿಯಿಂದ ತಂದ ಟೇಪ್ ರೆಕಾರ್ಡರನ್ನು ನೋಡಲು ಊರೇ ಹೋಗಿತ್ತು. ಅದರಲ್ಲಿ ಮಾಪ್ಪಿಳಪ್ಪಾಟ್ಟೂ ಕೇಳಿತು, ತಾಳಮದ್ದಳೆಯೂ ಕೇಳಿತು. ಟೇಪಿಗೆ ಭಾಷೆಯ ಭೇದವಿಲ್ಲ. ಕೊಟ್ಟದ್ದನ್ನು ಹಿಡಿದಿಟ್ಟು ಹಾಗೆಯೇ ಹೇಳುತ್ತದೆ. ಅದರ ಮೇಲೆ ಯಾರಿಗೂ ದೂರಿರಲಿಲ್ಲ.

ದೂರು ಬಂದದ್ದು ಟಿ.ವಿ. ಗೇಮಿನ ಮೇಲೆ. ಜಪಾನಿನ ನಿಂಟೆಂಡೋ ಕಂಪೆನಿ 1983ರಲ್ಲಿ ಮಾಡಿದ ಆಟದ ಯಂತ್ರದ ಅಗ್ಗದ ನಕಲುಗಳು ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದವು. ಒಂದು ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು. ಆಡಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತಿದ್ದವು. ಆಟ ನಿಂತರೆ ಕ್ಯಾಸೆಟ್ಟನ್ನು ತೆಗೆದು ಬಾಯಿಯಿಂದ ಊದಿ ಮತ್ತೆ ಹಾಕುವುದು ಎಲ್ಲ ಮನೆಗಳ ಮಕ್ಕಳಿಗೂ ಗೊತ್ತಿದ್ದ ಚಿಕಿತ್ಸೆ. ಮೀಸೆಯ ಮಾರಿಯೋ ಅಣಬೆ ತಿಂದು ದೊಡ್ಡವನಾಗುವುದನ್ನು ನೋಡಿ ನಮ್ಮ ಅಜ್ಜ, "ಆಟ ಆಡ್ಲಿಕ್ಕೆ ಟಿ.ವಿ. ಎಂತಕ್ಕೆ? ಅಂಗಳ ಉಂಟಲ್ಲ" ಎಂದಿದ್ದರು. ಕಣ್ಣು ಹಾಳು, ಟಿ.ವಿ. ಹಾಳು, ಪರೀಕ್ಷೆ ಹಾಳು ಎಂಬುದು ಊರಿನ ಒಮ್ಮತದ ಅಭಿಪ್ರಾಯವಾಗಿತ್ತು.

ಈಗ ಯೋಚಿಸಿದರೆ ಯಾರೂ ಹೇಳದಿದ್ದ ಒಂದು ಸಂಗತಿ ಹೊಳೆಯುತ್ತದೆ. ಆ ತೆರೆಯ ಮೇಲೆ ಇದ್ದ ಅಕ್ಷರವೆಲ್ಲ ಇಂಗ್ಲಿಷ್. 'ಸ್ಟಾರ್ಟ್', 'ಗೇಮ್ ಓವರ್' ಎಂಬಷ್ಟನ್ನು ಒಂದನೆಯ ತರಗತಿಯ ಮಗುವೂ ಓದುತ್ತಿತ್ತು. ಅಲ್ಲಿ ಕನ್ನಡ ಇರಬೇಕಿತ್ತು ಎಂದು ಮಗುವಿಗೂ ಅನಿಸಲಿಲ್ಲ, ಅಜ್ಜನಿಗೂ ಅನಿಸಲಿಲ್ಲ. ಯಂತ್ರವೆಂದರೆ ಇಂಗ್ಲಿಷ್ ಎಂಬ ಅಭಿಪ್ರಾಯ ಯಾರೂ ಆಡದೆಯೇ ಮನೆಯೊಳಗೆ ಬಂದು ಕುಳಿತಿತ್ತು.

ಕಿನ್ನಿಕಂಬಳದ ಕೊಡುಗೆ

ಆ ಅಭಿಪ್ರಾಯವನ್ನು ಒಪ್ಪದವರೂ ಇದ್ದರು. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರಲ್ಲೊಬ್ಬರು. ಅವರು ಸಿದ್ಧಪಡಿಸಿದ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ನಮ್ಮ ಕರಾವಳಿಯ ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನ ಹೆಸರು ಅದು. ಗಣಕಕ್ಕೆ ಪಂಡಿತರ ಹೆಸರಿಡುವ ಮನಸ್ಸಿನಲ್ಲೇ ಅವರ ದಾರಿ ಕಾಣುತ್ತದೆ.

ಅವರ ಕೀಲಿಮಣೆಯ ಯುಕ್ತಿ ಸರಳ. ಬರೆಯುವ ರೂಪವನ್ನಲ್ಲ, ಉಚ್ಚಾರವನ್ನು ಒತ್ತಬೇಕು. ಅಲ್ಪಪ್ರಾಣದ ಗುಂಡಿಯನ್ನೇ ಶಿಫ್ಟ್ ಒತ್ತಿ ಹಿಡಿದರೆ ಮಹಾಪ್ರಾಣ. ಒತ್ತಕ್ಷರಕ್ಕೆ ಬೇರೆ ಗುಂಡಿಗಳಿಲ್ಲ. ಎರಡು ವ್ಯಂಜನಗಳ ನಡುವೆ ಒಂದು ಕೊಂಡಿಯ ಗುಂಡಿ ಒತ್ತಿದರೆ ಸಾಕು. 'ಕನ್ನಡ' ಎಂದು ಬರೆಯಲು ಕ, ನ, ಕೊಂಡಿ, ನ, ಡ ಎಂದು ಐದು ಬಾರಿ ಒತ್ತಿದರೆ ಆಯಿತು. ಮೊಳೆಗಳ ನೂರಾರು ರೂಪಗಳನ್ನು ಕೂಡಿಸುವ ಹೊಣೆ ಯಂತ್ರದ್ದು. ಯಂತ್ರಕ್ಕಾಗಿ ಅಕ್ಷರವನ್ನು ಕತ್ತರಿಸಬೇಕಾಗಿಲ್ಲ ಎಂದು ತೋರಿಸಿದ ವಿನ್ಯಾಸ ಇದು. ಮುಂದೆ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೂ ಇದೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದು, ಕೀಲಿಮಣೆ ಕಲಿಯದವರೂ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಬರೆಯುವಂತಾಯಿತು.

ಮಲಯಾಳದಲ್ಲಿಯೂ ಇದೇ ಹಟದ ಜನ ಹುಟ್ಟಿಕೊಂಡರು. 1999ರಲ್ಲಿ ಆರ್. ಚಿತ್ರಜಕುಮಾರ್, ಕೆ.ಎಚ್. ಹುಸೇನ್ ಮೊದಲಾದವರ 'ರಚನ' ಬಳಗ, 1971ರಲ್ಲಿ ಒಡೆದುಹೋಗಿದ್ದ ಹಳೆಯ ಕೂಡಕ್ಷರಗಳನ್ನೆಲ್ಲ ಗಣಕದಲ್ಲಿ ಮರಳಿ ಕೂಡಿಸಲು ಹೊರಟಿತು. ಬೆರಳಚ್ಚು ಯಂತ್ರಕ್ಕೆ ಆಗದ್ದು ಗಣಕಕ್ಕೆ ಆಗುತ್ತದೆ, ಹಾಗಿರುವಾಗ ಹಳೆಯ ಶಿಕ್ಷೆ ಏಕೆ ಎಂಬುದು ಅವರ ವಾದ. ಗಡಿಯ ಎರಡೂ ಕಡೆ ಹೀಗೆ ಕೆಲವೇ ಕೆಲವರು ಕುಳಿತು ಮಾಡಿದ ಕೆಲಸದ ಮೇಲೆ ಇಂದು ಕೋಟ್ಯಂತರ ಜನ ಬರೆಯುತ್ತಿದ್ದಾರೆ.

ಆದರೆ ಆ ಕಾಲದಲ್ಲಿ ಒಂದು ದೊಡ್ಡ ತೊಡಕಿತ್ತು. ಪ್ರತಿಯೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಗುಟ್ಟಿನ ಸಂಖ್ಯೆ ಕೊಡುತ್ತಿತ್ತು. 1998ರಲ್ಲೆಂದು ನೆನಪು, ನಮ್ಮೂರ ಸಂಘದ ದ್ವಿಭಾಷಾ ಸಂಚಿಕೆಯ ಬರಹಗಳನ್ನು ಫ್ಲಾಪಿಯಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಅಚ್ಚಿಗೆ ಹೋಗಿದ್ದೆ. ಅಲ್ಲಿ ತೆರೆದು ನೋಡಿದರೆ ಕನ್ನಡದ ಪುಟಗಳೂ ಮಲಯಾಳದ ಪುಟಗಳೂ ಒಂದೇ ಬಗೆಯ ಇಂಗ್ಲಿಷ್ ಕಸವಾಗಿದ್ದವು. ಎರಡು ಭಾಷೆಗಳ ಸಾಮರಸ್ಯಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ. ಕೊನೆಗೆ ಕೈಬರಹದ ಪ್ರತಿಗಳನ್ನು ತರಿಸಿ ಮೊದಲಿನಿಂದ ಅಕ್ಷರ ಜೋಡಿಸಬೇಕಾಯಿತು. ಸಂಚಿಕೆ ಹೊರಬಂದದ್ದು ವಾರ್ಷಿಕೋತ್ಸವ ಮುಗಿದ ಮೇಲೆ.

3327 ಮತ್ತು 3328

ಆ ಕಸಕ್ಕೆ ಮದ್ದಾಗಿ ಬಂದದ್ದು ಯುನಿಕೋಡ್. ಲೋಕದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಬದಲಾಗದ ಒಂದೊಂದು ಸಂಖ್ಯೆ ಕೊಡುವ ಈ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಕನ್ನಡವೂ ಮಲಯಾಳವೂ ಮೊದಲಿನಿಂದಲೇ ಅದರಲ್ಲಿವೆ. ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಮನೆಗಳು. ಅದರ ಮಗ್ಗುಲಿನ 3328ರಿಂದ 3455ರ ವರೆಗಿನ 128 ಮನೆಗಳು ಮಲಯಾಳಕ್ಕೆ. ನಡುವೆ ಒಂದು ಖಾಲಿ ಮನೆಯೂ ಇಲ್ಲ, ತಲಪಾಡಿಯ ಗೇಟೂ ಇಲ್ಲ. ಕನ್ನಡದ 'ಕ' 3221ನೆಯ ಮನೆಯಲ್ಲಿದ್ದರೆ ಮಲಯಾಳದ 'ಕ' 3349ರಲ್ಲಿ. ಸರಿಯಾಗಿ 128 ಹೆಜ್ಜೆ ದೂರ. 'ಮ'ವೂ ಹಾಗೆಯೇ, 'ಲ'ವೂ ಹಾಗೆಯೇ. ಭಾರತದ ಲಿಪಿಗಳಿಗೆಲ್ಲ ಒಂದೇ ಅಕ್ಷರಮಾಲೆಯ ಕ್ರಮವಿದೆ ಎಂಬುದನ್ನು ಗಮನಿಸಿ ನಮ್ಮ ದೇಶದವರು ರೂಪಿಸಿದ್ದ ಇಸ್ಕಿ ಎಂಬ ಪಟ್ಟಿಯಿಂದ ಈ ಜೋಡಣೆ ಬಂತು. 1956ರಲ್ಲಿ ಎಳೆದ ಗೆರೆಯ ಬಗ್ಗೆ ನಮ್ಮ ಹಿರಿಯರು ಎಷ್ಟು ನೊಂದರೆಂಬುದು ನಮಗೆ ಗೊತ್ತು. ಗಣಕದ ಪಟ್ಟಿಯಲ್ಲಿ ಮಾತ್ರ ಎರಡು ಭಾಷೆಗಳೂ ಒಂದೇ ಗೋಡೆ ಹಂಚಿಕೊಂಡ ಮನೆಗಳಂತಿವೆ.

ಪಟ್ಟಿಯಲ್ಲಿ ಜಾಗ ಸಿಕ್ಕಿದರೆ ಸಾಲದು, ಆಪರೇಟಿಂಗ್ ಸಿಸ್ಟಂ ಅದನ್ನು ಒಪ್ಪಬೇಕು. ಯಂತ್ರದೊಳಗಿನ ಪಾರುಪತ್ಯಗಾರ ಅದು. ಯಾರನ್ನು ಚಾವಡಿಗೆ ಕರೆಯಬೇಕು, ಯಾರನ್ನು ಅಂಗಳದಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಅದೇ. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರಲ್ಲಿ ಕನ್ನಡವಿತ್ತು. ಅಕ್ಷರವಿನ್ಯಾಸಕ್ಕೆ ತುಂಗಾ ಎಂಬ ಹೆಸರು. ಮಲಯಾಳ ಬಂದದ್ದು 2004ರ ಪರಿಷ್ಕರಣೆಯಲ್ಲಿ, 'ಕಾರ್ತಿಕ' ಎಂಬ ಹೆಸರಿನಲ್ಲಿ. ಮೂರು ವರ್ಷಗಳ ಕಾಲ ಈ ಒಂದು ವಿಷಯದಲ್ಲಿ ಕಾಸರಗೋಡಿನ ಅಲ್ಪಸಂಖ್ಯಾತರು ಬಹುಸಂಖ್ಯಾತರಿಗಿಂತ ಮುಂದಿದ್ದರು! ಆದರೆ ಅದು ಯಾರಿಗೂ ಗೊತ್ತಾಗಲಿಲ್ಲ. ಸಿ.ಡಿ. ಹಾಕಿ, ಒಂದು ಮೂಲೆಯ ಪಟ್ಟಿಯಲ್ಲಿ ಗುರುತು ಹಾಕಿದರೆ ಮಾತ್ರ ಕನ್ನಡ ಏಳುತ್ತಿತ್ತು. ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿಯವರಿಗೆ ಅದು ತಿಳಿದಿರಲಿಲ್ಲ, ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ಜಾಗವಿದ್ದೂ ಕುಳಿತುಕೊಳ್ಳದವರ ಕಥೆ ಅಲ್ಲಿಂದಲೇ ಮೊದಲಾಯಿತು ಎನ್ನಬಹುದು.

ಶಾಲೆಗೆ ಬಂದ ಪೆಂಗ್ವಿನ್

ಈ ನಡುವೆ ಕೇರಳದಲ್ಲಿ ಬೇರೊಂದು ಗಾಳಿ ಬೀಸಿತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳ ಜೊತೆ ಸೇರಿ, ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಆಪರೇಟಿಂಗ್ ಸಿಸ್ಟಂ ಆಗಿ ಬೆಳೆದಿತ್ತು. ಪಾರ್ತಿಸುಬ್ಬನ ಊರಿನವರಾದ ನಮಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಯಕ್ಷಗಾನದ ಪ್ರಸಂಗವನ್ನು ಯಾವ ಮೇಳವೂ ಆಡಬಹುದು; ಭಾಗವತರು ಒಂದು ಪದ ಬಿಡಬಹುದು, ಅರ್ಥಧಾರಿ ತನ್ನ ಮಾತು ಸೇರಿಸಬಹುದು. ಆಡಿದಷ್ಟೂ ಪ್ರಸಂಗ ಬೆಳೆಯುತ್ತದೆ. ಲಿನಕ್ಸ್ ಅಂಥದ್ದು.

2001ರಲ್ಲಿ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಭಾರತದ ಮುಕ್ತ ತಂತ್ರಾಂಶ ಸಂಸ್ಥೆಯನ್ನು ಉದ್ಘಾಟಿಸಿದರು. ಅದೇ ವರ್ಷ ಕೇರಳದ ಶಾಲೆಗಳಿಗಾಗಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. 2002ರಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ರಾಜ್ಯದ ಸರಕಾರಿ ಮತ್ತು ಅನುದಾನಿತ ಹೈಸ್ಕೂಲುಗಳ ಗಣಕ ಪಾಠ ಲಿನಕ್ಸಿನ ಮೇಲೆ ನಿಂತಿತು. ಹತ್ತನೆಯ ತರಗತಿಯ ಪರೀಕ್ಷೆಯೂ ಅದರಲ್ಲೇ. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು.

ಆಗ ನಮ್ಮ ಮನೆಗಳಲ್ಲಿ ಎದ್ದ ಮಾತುಗಳು ಚೆನ್ನಾಗಿ ನೆನಪಿವೆ. "ಬ್ಯಾಂಕಿನಲ್ಲಿ ವಿಂಡೋಸ್, ಪೇಟೆಯಲ್ಲಿ ವಿಂಡೋಸ್, ಮಂಗಳೂರಿನ ಭಾವನ ಮಕ್ಕಳಿಗೆ ವಿಂಡೋಸ್. ನಮ್ಮ ಮಕ್ಕಳಿಗೆ ಮಾತ್ರ ಈ ಪೆಂಗ್ವಿನ್ ಎಂತಕ್ಕೆ ಮಾರಾಯ್ರೆ?" ಎಂದು ಒಬ್ಬರು. "ದುಡ್ಡು ಕೊಡದೆ ಸಿಗುವುದು ಒಳ್ಳೆಯದಿರಲಿಕ್ಕಿಲ್ಲ" ಎಂದು ಇನ್ನೊಬ್ಬರು. ಅವರ ಮನೆಯ ವಿಂಡೋಸ್‌ಗೂ ಬಿಲ್ಲು ಇರಲಿಲ್ಲ ಎಂಬುದು ಬೇರೆ ಮಾತು. ಈಗಾಗಲೇ ಕನ್ನಡ ಮಾಧ್ಯಮವೆಂದು ಹಿಂದೆ ಉಳಿಯುವ ಭಯ. ಅದರ ಮೇಲೆ ಬೇರೆ ಯಂತ್ರ ಕಲಿತು ಇನ್ನಷ್ಟು ಹಿಂದುಳಿದರೆ? ಆ ಭಯವನ್ನು ನಗೆಯಾಡುವಂತಿಲ್ಲ.

ನಮ್ಮ ಮಕ್ಕಳ ಕಲಿಕೆಯಲ್ಲಿ ಆದದ್ದನ್ನು ಮಾತ್ರ ಹೇಳುತ್ತೇನೆ. ಅವರು ಚಿತ್ರ ಬರೆಯಲು ಕಲಿತ ಟಕ್ಸ್ ಪೈಂಟ್, ರೇಖಾಗಣಿತ ಕಲಿತ ಜಿಯೋಜಿಬ್ರಾ, ನಕ್ಷತ್ರ ನೋಡಿದ ಕೆಸ್ಟಾರ್ಸ್ ಇವೆಲ್ಲ ಬಾಗಿಲು ತೆರೆದಿಟ್ಟ ತಂತ್ರಾಂಶಗಳು. ಯಾವ ಭಾಷೆಯವರೂ ಯಾರ ಅಪ್ಪಣೆಯನ್ನೂ ಕಾಯದೆ ತಮ್ಮ ಮಾತಿಗೆ ತಂದುಕೊಳ್ಳಬಹುದು. ಕೆಳತರಗತಿಗಳ ಗಣಕ ಪುಸ್ತಕಕ್ಕೆ ಮಲಯಾಳದಲ್ಲಿ 'ಕಳಿಪ್ಪೆಟ್ಟಿ' ಎಂದು ಹೆಸರು; ನಮ್ಮ ಮಾತಿನಲ್ಲಿ ಆಟದ ಪೆಟ್ಟಿಗೆ. ಅಜ್ಜ ಬೈದಿದ್ದ ಆಟ ಮೊಮ್ಮಗನ ಪಾಠವಾಗಿ ಬಂತು. ಕೇರಳದ ಗಣಕ ಪಾಠಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಮಾರುಕಟ್ಟೆಯ ಲೆಕ್ಕದಲ್ಲಿ ನೋಡಿದರೆ ನಾವು ಒಂದು ಜಿಲ್ಲೆಯ ಕೆಲವೇ ಶಾಲೆಗಳ ಮಕ್ಕಳು. ಲಾಭಕ್ಕಾಗಿ ಯಾವ ಕಂಪೆನಿಯೂ ಇಷ್ಟು ಜನಕ್ಕಾಗಿ ಕೈ ಹಾಕುವುದಿಲ್ಲ. ತೆರೆದ ಬಾಗಿಲು ದೊಡ್ಡವರಿಗೆ ಸೌಕರ್ಯ, ಸಣ್ಣವರಿಗೆ ಬದುಕು.

ಇನ್ನೊಂದು ಸ್ವಾರಸ್ಯವೂ ಉಂಟು. ಕೇರಳದ ಶಾಲೆಗಳಲ್ಲಿ ಮಲಯಾಳ ಬರೆಯಲು ಕಲಿಸುವುದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ. ಸ್ವರಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಭಾರತದ ಎಲ್ಲ ಲಿಪಿಗಳಿಗೂ ಗುಂಡಿಗಳು ಒಂದೇ. ಮಲಯಾಳ ಬರೆಯಲು ಕಲಿತ ಬೆರಳಿಗೆ ಕನ್ನಡ ತಾನಾಗಿ ಬರುತ್ತದೆ. 'ಮ', 'ಲ' ಎಂದು ಎರಡು ಗುಂಡಿ ಒತ್ತಿದರೆ ಒಂದು ಭಾಷೆಯಲ್ಲಿ ಬೆಟ್ಟ ಏಳುತ್ತದೆ, ಇನ್ನೊಂದರಲ್ಲಿ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ತಲಪಾಡಿಯಾಚೆಯ ಕನ್ನಡಿಗರು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ. ಭಾಷೆ ಒಂದೇ, ಬೆರಳಿನ ಹಾದಿ ಎರಡು. ಯಾವುದು ಮೇಲು ಎಂದು ಕೇಳಿದರೆ ನಮ್ಮ ಪರಿಚಯದ ಒಬ್ಬರು ಮಾಷ್ ಹೇಳುವ ಉತ್ತರ ನನಗೆ ಇಷ್ಟ: "ಕೈಯಲ್ಲಿ ಉಂಡರೂ ಸರಿ, ಚಮಚದಲ್ಲಿ ಉಂಡರೂ ಸರಿ. ಉಣ್ಣದೆ ಏಳಬಾರದು."

ಕಿಸೆಯೊಳಗಿನ ಉತ್ತರ

ವಿಂಡೋಸೋ ಲಿನಕ್ಸೋ ಎಂಬ ಜಗಳ ತೀರುವ ಮೊದಲೇ ಫೋನು ಬಂತು. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡಿನ ತಿರುಳು ಲಿನಕ್ಸೇ. ಪೆಂಗ್ವಿನ್ ಎಂತಕ್ಕೆ ಎಂದು ಕೇಳಿದವರೂ ಈಗ ಅದನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಾರೆ. 2014ರ ಐದನೆಯ ಆವೃತ್ತಿಯಲ್ಲಿ ಫೋನಿನ ಭಾಷಾಪಟ್ಟಿಗೆ ಕನ್ನಡವೂ ಮಲಯಾಳವೂ ಒಟ್ಟಿಗೇ ಸೇರಿದವು. 2024ರಲ್ಲಿ ಯುನಿಕೋಡಿನ ಹದಿನಾರನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೂ ಮನೆ ಕೊಟ್ಟಿತು. ನಮ್ಮ ಮಠಮನೆಗಳ ತಾಳೆಗರಿಗಳ ಅಕ್ಷರಕ್ಕೂ ಈಗ ಒಂದು ಸಂಖ್ಯೆ ಉಂಟು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅಕ್ಷರಕ್ಕೆ ಜಾಗ ಸಿಕ್ಕಿದೆ. ಆದರೆ ಮೊನ್ನೆ ಕನ್ನಡ ಮಾಧ್ಯಮದಲ್ಲೇ ಓದಿದ ಅಣ್ಣನ ಮಗ ಫೋನಿನಲ್ಲಿ 'ಊಟ ಆಯ್ತಾ' ಎಂಬ ಎರಡು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಿದ. ಏಕೆಂದು ಕೇಳಿದೆ. "ಕನ್ನಡ ಹಾಕ್ಲಿಕ್ಕೆ ಆಗ್ತದೆ ಚಿಕ್ಕಪ್ಪ, ಅಭ್ಯಾಸ ಇಲ್ಲ" ಎಂದ. ಇಪ್ಪತ್ತು ವರ್ಷಗಳ ಹಿಂದೆ "ಆಗುವುದಿಲ್ಲ" ಎಂಬ ಉತ್ತರವಿತ್ತು. ಆಗ ದೂರಲು ಯಂತ್ರವಿತ್ತು, ಸರಕಾರವಿತ್ತು, ಗಡಿಯಿತ್ತು. ಈಗಿನ ಉತ್ತರಕ್ಕೆ ದೂರಲು ನಮ್ಮ ಹೊರತು ಯಾರೂ ಇಲ್ಲ.

ಕಿನ್ನಿಕಂಬಳದ ಒಬ್ಬರು ಕೀಲಿಮಣೆಯ ಎದುರು ಕುಳಿತು ಯೋಚಿಸಿದ್ದರಿಂದ, ಕೇರಳದ ಕೆಲವರು ಕಳೆದುಹೋದ ಕೂಡಕ್ಷರಗಳನ್ನು ಒಂದೊಂದಾಗಿ ಎತ್ತಿಟ್ಟದ್ದರಿಂದ ಈ ಜಾಗ ಆಯಿತು. ಅವರು ಮಾಡಿದ್ದು ಕಷ್ಟದ ಕೆಲಸ. ನಮ್ಮ ಪಾಲಿಗೆ ಉಳಿದಿರುವುದು ಸುಲಭದ್ದು. ಓದುಗರಲ್ಲಿ ಒಂದು ಬಿನ್ನಹ: ಈ ಸಂಚಿಕೆಯನ್ನು ಮಡಚಿಡುವ ಮೊದಲು ಮನೆಯ ಮಕ್ಕಳನ್ನು ಕರೆದು ಫೋನಿನ ಕೀಲಿಮಣೆಯಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ಪಕ್ಕದಲ್ಲಿ ಮಲಯಾಳವೂ ಇರಲಿ. ಗೋಡೆ ಹಂಚಿಕೊಂಡ ಮನೆಯಲ್ಲವೇ? ಆಮೇಲೆ ಯಾರಿಗಾದರೂ ನೆಂಟರಿಗೆ, ಊಟ ಆಯಿತೇ ಎಂದು ಕನ್ನಡದಲ್ಲಿ ಬರೆದು ಕೇಳಿ. ಯಾವ ಯಂತ್ರ ಒಳ್ಳೆಯದು ಎಂಬ ಚರ್ಚೆಯನ್ನು ಮುಂದಿನ ಮದುವೆಯ ಹಂತಿಯಲ್ಲಿ ಮುಂದುವರಿಸೋಣ.